ನೀರಂಜಿ ಅಳಿವಿನಂಚಿನಲ್ಲಿದೆಯಾ? ಮೊದಲು ಹಳ್ಳದಲ್ಲಿ ಹೆಣ್ಣುಗಿಡ ಇದೆಯಾ ನೋಡಿ

ಪ್ರಶ್ನೆ: ನಮ್ಮ ಅಡಿಕೆ ತೋಟದ ಕೆಳಗೆ ಹಳ್ಳ ಇದೆ. ಅದರ ದಂಡೆಯಲ್ಲಿ ಉದ್ದ ಎಲೆಯ ಪೊದೆಗಳು ಬೆಳೆದಿವೆ. ಅಪ್ಪ ಅದನ್ನು ನೀರಂಜಿ ಅನ್ನುತ್ತಾರೆ. ಮೊಬೈಲಿನ ಆ್ಯಪ್‌ನಲ್ಲಿ ಫೋಟೊ ಹಾಕಿದರೆ ವಿಲ್ಲೋ ಅಂತ ಬಂತು. ವಿಲ್ಲೋ ಕಾಶ್ಮೀರದ ಮರ ಅಲ್ವಾ, ನಮ್ಮ ಹಳ್ಳಕ್ಕೆ ಹೇಗೆ ಬಂತು? ಇದು ಅಳಿವಿನಂಚಿನ ಗಿಡವಾ? ಬರುವ ಬೇಸಿಗೆಯಲ್ಲಿ ಹಳ್ಳಕ್ಕೆ ಕಾಂಕ್ರೀಟ್ ತಡೆಗೋಡೆ ಕಟ್ಟುತ್ತಾರಂತೆ, ಪೊದೆ ಎಲ್ಲ ತೆಗೆಯಬೇಕಂತೆ. ಕಡ್ಡಿ ಕಡಿದು ಬೇರೆ ಕಡೆ ನೆಟ್ಟರೆ ಉಳಿಯುತ್ತದಾ? ಅಮ್ಮ ಇದರ ತೊಗಟೆ ಜ್ವರಕ್ಕೆ ಒಳ್ಳೆಯದು ಅನ್ನುತ್ತಾರೆ, ನಿಜವಾ?
(ಶಿರಸಿ ತಾಲ್ಲೂಕಿನ ಓದುಗರೊಬ್ಬರು)

ಉತ್ತರ:

ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು: ಇಲ್ಲ, ಅಳಿವಿನಂಚಿನ ಜೀವಿಗಳ ಜಾಗತಿಕ ಪಟ್ಟಿಯ ಪ್ರಕಾರ ನೀರಂಜಿ ಅಳಿವಿನಂಚಿನಲ್ಲಿಲ್ಲ. ಆದರೆ ಆ ಉತ್ತರ ಹಿಡಿದುಕೊಂಡು ನೀವು ಪಂಚಾಯಿತಿಗೆ ಹೋದರೆ ಅವರು ‘ಹಾಗಾದ್ರೆ ತೆಗೀಬಹುದಲ್ಲ’ ಅಂತಾರೆ, ಅಲ್ಲಿಗೆ ಮುಗಿಯಿತು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನದಿಂದ ಓದಿ.

ಮೊದಲು ಗಿಡ ಯಾವುದು ಅನ್ನುವುದು ಖಾತ್ರಿ ಆಗಬೇಕು. ಆ್ಯಪ್ ಹೇಳಿದ್ದನ್ನು ನಾನು ಪೂರ್ತಿ ನಂಬುವುದಿಲ್ಲ. ನೀವು ಕಳಿಸಿದ ಫೋಟೊ ಬರೀ ಎಲೆಯದ್ದು. ಮಲೆನಾಡಿನ ಹೊಳೆ ಹಳ್ಳಗಳಲ್ಲಿ ಇಂಥ ಉದ್ದ ಎಲೆಯ ಪೊದೆ ಎರಡಿವೆ. ಎರಡಕ್ಕೂ ಊರಿಂದೂರಿಗೆ ಹೆಸರು ಅದಲುಬದಲಾಗುತ್ತವೆ. ಒಂದು ನಿಜವಾದ ವಿಲ್ಲೋ, ಸಸ್ಯಶಾಸ್ತ್ರದಲ್ಲಿ ಸ್ಯಾಲಿಕ್ಸ್ ಟೆಟ್ರಾಸ್ಪರ್ಮ. ನೀರಂಜಿ, ನೀರವಂಜಿ ಅನ್ನುವುದು ಇದಕ್ಕೇ. ಇನ್ನೊಂದು ಹೊಮೊನೋಯ ರೈಪೇರಿಯ. ಕೆಲವು ಕಡೆ ನೀರುಕಣಗಿಲು ಅನ್ನುತ್ತಾರೆ. ಇದಕ್ಕೂ ವಿಲ್ಲೋಗೂ ಯಾವ ನೆಂಟಸ್ತನವೂ ಇಲ್ಲ. ಇದು ಹರಳಿನ ಕುಟುಂಬದ್ದು. ಎಲೆ ಮಾತ್ರ ವಿಲ್ಲೋ ಥರವೇ ಇರುವುದರಿಂದ ಇಂಗ್ಲಿಷಿನಲ್ಲೂ ಇದಕ್ಕೆ ‘ವಿಲ್ಲೋ ಎಲೆಯ ನೀರು ಕ್ರೋಟನ್’ ಅನ್ನುವ ಅರ್ಥದ ಹೆಸರೇ ಇದೆ. ಆ್ಯಪ್ ಮೋಸ ಹೋದರೆ ಅದರ ತಪ್ಪಲ್ಲ.

ಎರಡನ್ನೂ ಬೇರೆ ಮಾಡುವುದು ಕಷ್ಟವಿಲ್ಲ, ಕೈಯಲ್ಲಿ ಹಿಡಿದು ನೋಡಬೇಕು ಅಷ್ಟೇ. ಕಡ್ಡಿಯ ಮೇಲೆ, ಎಲೆಯ ಬುಡದಲ್ಲಿ ಒಂದು ಚಿಕ್ಕ ಮೊಗ್ಗು ಕಡ್ಡಿಗೆ ಅಂಟಿಕೊಂಡಂತೆ ಇರುತ್ತದೆ. ಉಗುರಿನಿಂದ ಮೆಲ್ಲಗೆ ಒತ್ತಿ. ನೀರಂಜಿಯಾದರೆ ಆ ಮೊಗ್ಗಿನ ಮೇಲೆ ಒಂದೇ ಒಂದು ಸಿಪ್ಪೆ ಇರುತ್ತದೆ, ಮಕ್ಕಳ ಕುಲಾವಿಯ ಹಾಗೆ ಮೊಗ್ಗನ್ನು ಮುಚ್ಚಿಕೊಂಡಿರುತ್ತದೆ. ಎಲ್ಲ ವಿಲ್ಲೋಗಳಲ್ಲೂ ಸಿಗುವ ಗುರುತು ಇದು. ನನಗೆ ಇದರಷ್ಟು ಖುಷಿ ಕೊಡುವ ಗುರುತು ಇನ್ನೊಂದಿಲ್ಲ. ಎಲೆ ತಿರುಗಿಸಿ ನೋಡಿ: ನೀರಂಜಿಯ ಎಲೆಯ ಹಿಂಬದಿ ಬೂದಿ ಬಳಿದ ಹಾಗೆ ಬಿಳಿಚಿಕೊಂಡಿರುತ್ತದೆ, ಅಂಚಿನಲ್ಲಿ ಸಣ್ಣ ಗರಗಸದ ಹಲ್ಲುಗಳಿರುತ್ತವೆ. ನೀರುಕಣಗಿಲಿನ ಎಲೆ ಇನ್ನೂ ಸಪೂರ. ಹಿಂಬದಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ಚಕ್ಕೆಗಳು ಒತ್ತಾಗಿ ಮೆತ್ತಿಕೊಂಡಿರುತ್ತವೆ, ಭೂತಗನ್ನಡಿ ಇದ್ದರೆ ಚೆನ್ನಾಗಿ ಕಾಣುತ್ತದೆ. ಕಾಯಿ ಸಿಕ್ಕಿದರಂತೂ ಅನುಮಾನವೇ ಬೇಡ. ನೀರುಕಣಗಿಲಿನದು ಹರಳಿನ ಕಾಯಿಯ ಮರಿಯಂತೆ ಮೂರು ಭಾಗದ ಪುಟ್ಟ ಕಾಯಿ. ನೀರಂಜಿಯದು ಒಡೆದರೆ ಬಿಳಿ ಅರಳೆ ಹೊರಬೀಳುತ್ತದೆ.

ಜಾಗವೂ ಸುಳಿವು ಕೊಡುತ್ತದೆ. ನೀರುಕಣಗಿಲು ಹೊಳೆಯ ಮಧ್ಯೆ, ಬಂಡೆ ಸಂದಿಯಲ್ಲಿ, ಮಳೆಗಾಲದಲ್ಲಿ ಪೂರ್ತಿ ಮುಳುಗಿಹೋಗುವ ಕಡೆ ಇರುತ್ತದೆ. ರಭಸ ಹೊಡೆದೂ ಹೊಡೆದೂ ಪೊದೆಯೆಲ್ಲ ನೀರು ಹರಿಯುವ ಕಡೆಗೇ ಬಾಗಿರುತ್ತದೆ. ನೀರಂಜಿಗೆ ಮಣ್ಣು ಬೇಕು. ದಂಡೆಯ ಮೆಕ್ಕಲು, ಹಳ್ಳ ತಿರುಗುವ ಕಡೆ ಕೂತ ಗೋಡು (ನೀರು ತಂದು ಹಾಕಿದ ನುಣುಪು ಮಣ್ಣು), ಗದ್ದೆಯ ಕೆಳಗಿನ ಜವುಗು. ನೀವು ‘ದಂಡೆಯಲ್ಲಿ’ ಅಂತ ಬರೆದಿದ್ದೀರಿ, ಅಪ್ಪ ನೀರಂಜಿ ಅಂದಿದ್ದಾರೆ. ಹಾಗಾಗಿ ಅಪ್ಪನ ಮಾತೇ ಸರಿ ಅಂದುಕೊಂಡು ಮುಂದೆ ಹೋಗುತ್ತೇನೆ. ಮೊಗ್ಗು ಮಾತ್ರ ನೋಡಿಯೇ ನೋಡಿ.

ಕಾಶ್ಮೀರದಿಂದ ಹೇಗೆ ಬಂತು ಅಂದಿರಲ್ಲ, ಬಂದಿಲ್ಲ. ಇಲ್ಲಿನದೇ. ವಿಲ್ಲೋಗಳು ಜಗತ್ತಿನಲ್ಲಿ ನಾನೂರಕ್ಕೂ ಜಾಸ್ತಿ ಇವೆ. ಬಹುಪಾಲು ಚಳಿದೇಶದವು. ಉತ್ತರದ ಹಿಮದ ನಾಡುಗಳಲ್ಲಿ ಬೆರಳುದ್ದಕ್ಕಿಂತ ಎತ್ತರಕ್ಕೇಳದ ವಿಲ್ಲೋಗಳೂ ಇವೆ. ಬೆಚ್ಚಗಿನ ನಾಡಿಗೆ ಇಳಿದು ಬಂದು ಇಲ್ಲೇ ನೆಲೆನಿಂತವು ಬೆರಳೆಣಿಕೆಯಷ್ಟು. ಅದರಲ್ಲಿ ನಮ್ಮ ನೀರಂಜಿ ಒಂದು. ಕರ್ನಾಟಕದಲ್ಲಿ ತಾನಾಗಿ ಬೆಳೆಯುವ ವಿಲ್ಲೋ ಇದೊಂದೇ. ಇದಕ್ಕೆ ಹೆಸರಿಟ್ಟವನು ವಿಲಿಯಂ ರಾಕ್ಸ್‌ಬರ್ಗ್, 18ನೇ ಶತಮಾನದ ಕೊನೆಯಲ್ಲಿ ಕೋರಮಂಡಲ ತೀರದ ಗಿಡಗಳನ್ನು ಚಿತ್ರ ಸಮೇತ ದಾಖಲಿಸಿದವನು. ಟೆಟ್ರಾಸ್ಪರ್ಮ ಅಂದರೆ ನಾಲ್ಕು ಬೀಜದ್ದು. ಕಾಯಿಯೊಳಗೆ ಅಷ್ಟೇ ಬೀಜ ಇರುತ್ತವೆ ಅಂತ ಆ ಹೆಸರು. ಪಾಕಿಸ್ತಾನ, ನೇಪಾಳದಿಂದ ಹಿಡಿದು ಬರ್ಮಾ, ದಕ್ಷಿಣ ಚೀನಾ, ಥಾಯ್ಲೆಂಡ್ ದಾಟಿ ಇಂಡೊನೇಷ್ಯಾ, ಫಿಲಿಪ್ಪೀನ್ಸ್ ತನಕ ಇದೆ. ನಮ್ಮಲ್ಲಿ ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಕೊಡಗು, ಮೈಸೂರು ಕಡೆ ಹೊಳೆ ದಂಡೆಗಳಲ್ಲಿ ಸಿಗುತ್ತದೆ.

ಕಾಶ್ಮೀರದಲ್ಲಿ ಬ್ಯಾಟ್ ಮಾಡುವುದು ಬೇರೆ ಜಾತಿ, ಸ್ಯಾಲಿಕ್ಸ್ ಆಲ್ಬದ ಒಂದು ಬಗೆ, ಅದು ಇಂಗ್ಲೆಂಡಿನಿಂದ ಬಂದದ್ದು. ಪಾರ್ಕುಗಳಲ್ಲಿ ಕೊಂಬೆ ಇಳಿಬಿಟ್ಟು ನಿಂತಿರುವುದು ಚೀನಾ ಮೂಲದ ಇನ್ನೊಂದು ಜಾತಿ. ಅದಕ್ಕೆ ಸಸ್ಯವಿಜ್ಞಾನಿ ಲಿನೇಯಸ್ ಬ್ಯಾಬಿಲಾನಿನ ಹೆಸರಿಟ್ಟದ್ದೇ ತಪ್ಪಿನಿಂದ. ಬೈಬಲಿನಲ್ಲಿ ಬರುವ ಬ್ಯಾಬಿಲಾನಿನ ನದಿ ದಂಡೆಯ ಮರ ಇದೇ ಅಂದುಕೊಂಡಿದ್ದ. ಈ ಎರಡನ್ನೂ ನರ್ಸರಿಯಿಂದ ತಂದು ನಿಮ್ಮ ಹಳ್ಳದಲ್ಲಿ ನೆಡಬೇಡಿ. (ನಮ್ಮ ನೀರಂಜಿಯಿಂದ ಬ್ಯಾಟ್ ಆಗುತ್ತಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗಲ್ಲ ಅಂತ ಯಾಕೆ ಹೇಳಲಿ, ಮಾಡಿ ನೋಡಿ, ಟೆನಿಸ್ ಬಾಲಿಗೆ ಸಾಕಾದೀತು.)

ಪೊದೆಯಾ ಮರವಾ? ಎರಡೂ. ಸುಮ್ಮನೆ ಬಿಟ್ಟರೆ ಮೂವತ್ತು ನಲವತ್ತು ಅಡಿಯ ಮರ, ಉದ್ದುದ್ದ ಬಿರುಕಿನ ಒರಟು ತೊಗಟೆ. ಆದರೆ ಹಳ್ಳದಲ್ಲಿ ಸುಮ್ಮನೆ ಬಿಡುವವರು ಯಾರು? ನೆರೆ ಬಂದು ಮುರಿಯುತ್ತದೆ, ದನ ಮೇಯುತ್ತದೆ, ತೋಟದವರು ನೆರಳಾಯಿತು ಅಂತ ಸವರುತ್ತಾರೆ. ಮುರಿದಷ್ಟೂ ಬುಡದಿಂದ ಹತ್ತು ಚಿಗುರು ಒಡೆಯುತ್ತದೆ. ಹಾಗಾಗಿ ನೀವು ನೋಡುವುದು ಬಹುಪಾಲು ಪೊದೆಯೇ. ಪೊದೆಯಾಗಿ ಇದ್ದುಬಿಡುವುದು ಅದರ ಬದುಕುವ ದಾರಿ.

ಈಗ ನೆಲೆಯ ವಿಷಯ. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು, ಯಾಕೆಂದರೆ ಗಿಡ ಉಳಿಯುವುದು ಅಳಿಯುವುದು ಎಲ್ಲ ಇದರ ಮೇಲೆಯೇ ನಿಂತಿದೆ.

ನೀರಂಜಿಯಲ್ಲಿ ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ. ಪಪ್ಪಾಯಿಯಲ್ಲಿ ನೋಡಿದ್ದೀರಲ್ಲ, ಹಾಗೆ. ಮಳೆಗಾಲ ಮುಗಿದ ಮೇಲೆ ಹೂ ಬರುತ್ತದೆ, ಊರಿಂದೂರಿಗೆ ಒಂದೆರಡು ತಿಂಗಳು ಹಿಂದೆ ಮುಂದೆ. ಹೂವು ಅಂದರೆ ಎಸಳಿನ ಹೂವಲ್ಲ, ಬೆರಳುದ್ದದ ತೆನೆ, ಮೃದುವಾದ ರೋಮದ್ದು. ಗಂಡುತೆನೆ ಪರಾಗದಿಂದ ಹಳದಿಯಾಗಿರುತ್ತದೆ, ಜೇನುಹುಳ ಮುತ್ತಿಕೊಂಡಿರುತ್ತದೆ. ಹೆಣ್ಣುತೆನೆ ಹಸಿರು, ಅದರಲ್ಲಿ ಪುಟ್ಟ ಕಾಯಿಗಳು ಸಾಲಾಗಿ ಕೂರುತ್ತವೆ. ಕಾಯಿ ಒಡೆದಾಗ ಹೊರಬರುವ ಬೀಜ ರಾಗಿಕಾಳಿಗಿಂತ ಸಣ್ಣದು, ಬುಡದಲ್ಲಿ ರೇಷ್ಮೆಯಂಥ ಕೂದಲಿನ ಕುಚ್ಚು. ಗಾಳಿಗೆ ಏಳುತ್ತದೆ, ನೀರಿಗೆ ಬೀಳುತ್ತದೆ. ಬೆಳಿಗ್ಗೆ ಬೇಗ ಹಳ್ಳಕ್ಕೆ ಇಳಿದರೆ, ನೀರು ನಿಂತ ಮೂಲೆಯಲ್ಲಿ ಯಾರೋ ದಿಂಬು ಹರಿದು ಹಾಕಿದ ಹಾಗೆ ಬಿಳಿ ಪೊರೆ ಕಟ್ಟಿರುತ್ತದೆ. ಅದೇ ಬೀಜ.

ಆ ಬೀಜಕ್ಕೆ ಪುರುಸೊತ್ತಿಲ್ಲ. ಹಲಸಿನ ಬೀಜದ ಹಾಗೆ ಒಳಗೆ ಬುತ್ತಿ ಕಟ್ಟಿಕೊಂಡು ಬಂದಿರುವುದಿಲ್ಲ. ವಿಲ್ಲೋ ಬೀಜಗಳ ಜೀವ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಅಷ್ಟರೊಳಗೆ ಬಿಸಿಲು ಬೀಳುವ, ಬೇರೆ ಹುಲ್ಲು ಕಸ ಇಲ್ಲದ, ಒದ್ದೆ ಗೋಡು ಸಿಗಬೇಕು. ಸಿಕ್ಕಿದರೆ ಒಂದೆರಡು ದಿನದಲ್ಲೇ ಮೊಳಕೆ. ಸಿಗದಿದ್ದರೆ ಇಲ್ಲ. ಇದನ್ನು ಇಟ್ಟುಕೊಂಡು ಬರುವ ವರ್ಷ ಬಿತ್ತುತ್ತೇನೆ ಅನ್ನುವ ಹಾಗಿಲ್ಲ.

ಅಂಥ ಜಾಗ ಯಾರು ಮಾಡಿಕೊಡುತ್ತಾರೆ? ಹೊಳೆಯೇ. ಮಳೆಗಾಲದಲ್ಲಿ ಹೊಳೆ ದಂಡೆ ಕೊರೆದು ಹಳೇ ಕಸ ಕೊಚ್ಚಿಕೊಂಡು ಹೋಗಿ, ತಿರುವಿನಲ್ಲಿ ಹೊಸ ಗೋಡು ಹಾಸುತ್ತದೆ. ಮಳೆ ನಿಂತ ಮೇಲೆ ನೀರು ಒಂದೊಂದೇ ಇಂಚು ಇಳಿಯುತ್ತಾ ಆ ಗೋಡು ಹೊರಗೆ ಬರುತ್ತದೆ. ಸರಿಯಾಗಿ ಆ ಹೊತ್ತಿಗೆ ಬೀಜ ಉದುರುತ್ತದೆ. ನೀರು ಮೆಲ್ಲಗೆ ಇಳಿದರೆ ಸಸಿಯ ಬೇರೂ ಅದರ ಹಿಂದೆಯೇ ಮೆಲ್ಲಗೆ ಇಳಿಯುತ್ತದೆ. ಒಂದೇ ದಿನ ಬತ್ತಿದರೆ ಸಸಿ ಒಣಗುತ್ತದೆ, ತಿರುಗಿ ಏರಿದರೆ ಕೊಚ್ಚಿಹೋಗುತ್ತದೆ. ನೀರಂಜಿಯ ನೆಲೆ ಅಂದರೆ ನಾನು ಹೇಳುವುದು ‘ಹಳ್ಳದ ದಂಡೆ’ ಅಂತ ಅಲ್ಲ, ‘ಏರಿ ಇಳಿಯುವ ಹಳ್ಳದ ದಂಡೆ’ ಅಂತ. ಏರಿಳಿತ ತೆಗೆದರೆ ದಂಡೆ ಇದ್ದೂ ನೆಲೆ ಇಲ್ಲ.

ಈಗ ಪಟ್ಟಿಗೆ ಬರೋಣ. ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ನೀರಂಜಿ ‘ಸದ್ಯಕ್ಕೆ ಆತಂಕವಿಲ್ಲ’ ಅನ್ನುವ ದರ್ಜೆಯಲ್ಲಿದೆ. ನೀರುಕಣಗಿಲೂ ಅಷ್ಟೇ. ತಪ್ಪೇನಿಲ್ಲ ಅದರಲ್ಲಿ. ಆ ಪಟ್ಟಿ ನೋಡುವುದು ಇಡೀ ಜಗತ್ತಿನ ಲೆಕ್ಕ. ಒಂದು ಜಾತಿ ಅಪಾಯದ ಮೊದಲ ಮೆಟ್ಟಿಲಿಗೆ ಬರಬೇಕಾದರೆ ಹತ್ತು ವರ್ಷದಲ್ಲಿ ಅಥವಾ ಮೂರು ತಲೆಮಾರಿನಲ್ಲಿ, ಯಾವುದು ಹೆಚ್ಚೋ ಅಷ್ಟರಲ್ಲಿ, ಶೇ 30ರಷ್ಟಾದರೂ ಕಡಿಮೆಯಾಗಿರಬೇಕು. ಇಲ್ಲವೇ ಅದು ಹರಡಿರುವ ಪ್ರದೇಶ 20,000 ಚದರ ಕಿಲೋಮೀಟರಿಗಿಂತ ಕಡಿಮೆ ಇದ್ದು, ಅದೂ ಚೂರುಚೂರಾಗಿ ಕುಗ್ಗುತ್ತಿರಬೇಕು. ಹೀಗೆ ಇನ್ನೂ ಕೆಲವು ಅಳತೆಗಳಿವೆ. ಪಾಕಿಸ್ತಾನದಿಂದ ಫಿಲಿಪ್ಪೀನ್ಸ್ ತನಕ ಹರಡಿರುವ ಗಿಡ ಈ ಅಳತೆಗೆ ಸಿಗುವುದು ಹೇಗೆ? ನಿಮ್ಮ ತಾಲ್ಲೂಕಿನ ಅಷ್ಟೂ ಹಳ್ಳಗಳಲ್ಲಿ ನಾಳೆ ನೀರಂಜಿ ಮಾಯವಾದರೂ ಪಟ್ಟಿಯಲ್ಲಿ ಒಂದಕ್ಷರ ಬದಲಾಗದು.

ಪಟ್ಟಿಯನ್ನು ಬೈಯುತ್ತಿಲ್ಲ ನಾನು. ಅದಕ್ಕೆ ಅದರ ಕೆಲಸ ಇದೆ. ನಿಮ್ಮ ಜಿಲ್ಲೆಯ ರಾಮಪತ್ರೆ ಜಡ್ಡಿಗಳಲ್ಲೇ (ರಾಮಪತ್ರೆ ಮರಗಳಿರುವ ಜವುಗು ಕಾಡು), ಸಿದ್ದಾಪುರದ ಕತ್ತಲೆಕಾನಿನಲ್ಲಿ, ಗೇರಿನ ಸಂಬಂಧಿಯಾದ ಒಂದು ಮರ ಇದೆ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ. ಊರಿನ ಹೆಸರೇ ಅದಕ್ಕೆ. ಅದು 2000ದಲ್ಲಿ ಹೊಸ ಜಾತಿ ಅಂತ ದಾಖಲಾಯಿತು. ಅಂಥದ್ದಕ್ಕೆ ಪಟ್ಟಿ ಬೇಕೇ ಬೇಕು, ಯಾಕೆಂದರೆ ಅದು ಇರುವುದೇ ಕೆಲವು ಜಡ್ಡಿಗಳಲ್ಲಿ. ಇನ್ನೊಂದು ಹೇಳಲೇಬೇಕು: ಹೊಳೆ ದಂಡೆಯಲ್ಲೇ ಬೆಳೆಯುವ ಹಿಪ್ಪೆಯ ಒಂದು ಜಾತಿ, ಮಧೂಕಾ ಇನ್ಸಿಗ್ನಿಸ್, 1998ರ ಪಟ್ಟಿಯಲ್ಲಿ ‘ನಿರ್ನಾಮವಾಗಿದೆ’ ಅಂತ ಸೇರಿಹೋಗಿತ್ತು. ಆಮೇಲೆ ನೋಡಿದರೆ ಕುಮಾರಧಾರಾ ಹೊಳೆಯ ದಂಡೆಯಲ್ಲಿ ನಿಂತಿತ್ತು. 2004ರಲ್ಲಿ ಅದು ಸಿಕ್ಕಿದ ಸುದ್ದಿ ಪ್ರಕಟವಾಯಿತು. ನಮ್ಮ ಹೊಳೆ ದಂಡೆಗಳನ್ನು ನಾವು ಎಷ್ಟು ಕಡಿಮೆ ನೋಡಿದ್ದೇವೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನಿಮ್ಮ ಹಳ್ಳದ ಪೊದೆ ‘ಮಾಮೂಲಿ ಗಿಡ’ ಇರಬಹುದು. ಅದರ ಪಕ್ಕದಲ್ಲಿ ಏನೇನು ಬೆಳೆದಿದೆ ಅಂತ ಯಾರಾದರೂ ನೋಡಿದ್ದಾರಾ?

ಹಾಗಾದರೆ ನಿಮ್ಮ ಹಳ್ಳದ ಮಟ್ಟಿಗೆ ನೀರಂಜಿಯ ಸ್ಥಿತಿ ತಿಳಿಯುವುದು ಹೇಗೆ? ನಾನು ಮೂರು ನೋಡುತ್ತೇನೆ. ಗಂಡು ಇದೆಯಾ, ಹೆಣ್ಣು ಇದೆಯಾ, ಮರಿ ಇದೆಯಾ.

ಮೂರನೆಯದೇ ದೊಡ್ಡದು. ನಿಮ್ಮ ಹಳ್ಳದಲ್ಲಿ ಐವತ್ತು ಪೊದೆ ಇರಬಹುದು, ನೋಡುವುದಕ್ಕೆ ಹಸಿರೋ ಹಸಿರು. ಆದರೆ ಬೀಜದಿಂದ ಹುಟ್ಟಿದ ಒಂದು ಸಸಿಯೂ ಇಲ್ಲದಿದ್ದರೆ, ಅದು ಮಕ್ಕಳೆಲ್ಲ ಬೆಂಗಳೂರಿಗೆ ಹೋದ ಮೇಲೆ ಅಜ್ಜ ಅಜ್ಜಿ ಇಬ್ಬರೇ ಉಳಿದ ಮನೆಯ ಹಾಗೆ. ದೀಪ ಉರಿಯುತ್ತಿದೆ ನಿಜ. ಪೊದೆಗಳು ಮುರಿದ ಕೊಂಬೆಯಿಂದಲೂ ಬೇರು ಬಿಟ್ಟು ಬೆಳೆಯುತ್ತವಲ್ಲ, ಹಾಗಾಗಿ ಐವತ್ತು ಪೊದೆ ಅಂದರೆ ಐವತ್ತು ಗಿಡ ಅಂತಲೂ ಹೇಳಲಾಗದು. ಒಂದೇ ಗಿಡ ಐವತ್ತು ಕಡೆ ನಿಂತಿರಬಹುದು.

ಇದು ನನಗೆ ಪುಸ್ತಕದಿಂದ ಬಂದ ಬುದ್ಧಿ ಅಲ್ಲ, ಪೆಟ್ಟು ತಿಂದು ಬಂದದ್ದು. ಬಹಳ ವರ್ಷದ ಹಿಂದೆ ಒಂದು ಊರಿನ ಹಳ್ಳದ ದಂಡೆ ಕುಸಿಯುತ್ತಿತ್ತು. ನಾನೇ ಮುಂದೆ ನಿಂತು ನೀರಂಜಿ ನೆಡಿಸಿದೆ. ಕಡ್ಡಿ ಎಲ್ಲಿಂದ ತಂದೆ? ರಸ್ತೆ ಪಕ್ಕದಲ್ಲಿ ಒಂದು ಒಳ್ಳೇ ಮರ ಇತ್ತು, ಜೀಪು ನಿಲ್ಲಿಸುವುದಕ್ಕೆ ಅನುಕೂಲ, ಅದರಿಂದಲೇ ಇನ್ನೂರು ಕಡ್ಡಿ ಕಡಿಸಿದೆ. ಅದ್ಭುತವಾಗಿ ಹತ್ತಿಕೊಂಡವು. ಊರವರು ಹೊಗಳಿದ್ದೇ ಹೊಗಳಿದ್ದು. ನಾಲ್ಕನೇ ವರ್ಷ ಹೂ ಬಂತು, ನೋಡಿದರೆ ಎಲ್ಲವೂ ಗಂಡು. ಎಲ್ಲ ಅಂದರೆ ಎಲ್ಲ. ಆಗಬೇಕಾದದ್ದೇ, ಒಂದೇ ಮರದ ಕಡ್ಡಿ ತಾನೇ. ನಾನು ಇನ್ನೂರು ಗಿಡ ನೆಟ್ಟಿರಲಿಲ್ಲ, ಒಂದು ಗಿಡವನ್ನು ಇನ್ನೂರು ಸಲ ನೆಟ್ಟಿದ್ದೆ. ದಂಡೆ ನಿಂತಿತು, ಅದು ಬೇರೆ ಮಾತು. ಆದರೆ ಆ ಹಳ್ಳದಲ್ಲಿ ಒಂದು ಬೀಜವೂ ಆಗಲಿಲ್ಲ. ಮತ್ತೆರಡು ವರ್ಷ ತಿರುಗಿ, ಮೇಲಿನ ಊರಿನ ಕಡೆಯಿಂದ ಹೆಣ್ಣುಗಿಡದ ಕಡ್ಡಿ ತಂದು ನಡುನಡುವೆ ಹಾಕಿದೆವು.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಕಡ್ಡಿಯಿಂದ ಬರುತ್ತದೆ, ದಾಸವಾಳಕ್ಕಿಂತ ಸುಲಭ. ಆದರೆ ಹೂ ಬಂದಾಗಲೇ ಗಂಡು ಯಾವುದು ಹೆಣ್ಣು ಯಾವುದು ಗುರುತು ಮಾಡಿಕೊಳ್ಳಿ. ಗಂಡಿಗೆ ಒಂದು ಬಣ್ಣದ ಬಟ್ಟೆ, ಹೆಣ್ಣಿಗೆ ಒಂದು ಬಣ್ಣದ ಬಟ್ಟೆ ಕಟ್ಟಿಬಿಡಿ, ಆಮೇಲೆ ಎಲೆ ನೋಡಿ ಹೇಳುವುದಕ್ಕೆ ಆಗಲ್ಲ. ಒಂದೊಂದು ಗಿಡದಿಂದ ನಾಲ್ಕೈದು ಕಡ್ಡಿ ಸಾಕು, ದೂರ ದೂರದ ಗಿಡಗಳಿಂದ ತೆಗೆಯಿರಿ. ಹೆಬ್ಬೆರಳು ದಪ್ಪ, ಒಂದೂವರೆ ಅಡಿ ಉದ್ದ. ತುದಿ ಯಾವುದು ಬುಡ ಯಾವುದು ಅಂತ ಕಡಿಯುವಾಗಲೇ ಗುರುತಿಡಿ, ತಲೆಕೆಳಗಾಗಿ ನೆಟ್ಟು ‘ಬರಲೇ ಇಲ್ಲ ಸಾರ್’ ಅಂತ ಫೋನ್ ಮಾಡಿದವರು ಇದ್ದಾರೆ. ಬೇಸಿಗೆ ಮುಗಿಯುವುದರೊಳಗೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಗೋಡು ಮಣ್ಣು ತುಂಬಿ ಮೂರನೇ ಎರಡು ಭಾಗ ಹೂತು ನೆರಳಲ್ಲಿಡಿ. ಮಣ್ಣು ಆರಲು ಬಿಡಬಾರದು, ಅಷ್ಟೇ ಆರೈಕೆ. ಹಳ್ಳಕ್ಕೆ ಇಳಿಸುವುದು ಮಾತ್ರ ಜೂನಿನಲ್ಲಿ ಅಲ್ಲ. ವನಮಹೋತ್ಸವದ ಹುರುಪಿನಲ್ಲಿ ನೆಟ್ಟದ್ದನ್ನು ಜುಲೈ ನೆರೆ ತಗೊಂಡು ಹೋಗುತ್ತದೆ. ದೊಡ್ಡ ಮಳೆ ಕಳೆದು, ನೀರು ಇಳಿಯಲು ಶುರುವಾದ ಮೇಲೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ನೆಡಿ. ಮುಂದಿನ ಮಳೆಗಾಲಕ್ಕೆ ಅದು ಬೇರು ಬಿಟ್ಟಿರುತ್ತದೆ.

ಆದರೆ ‘ಬೇರೆ ಕಡೆ ಬೆಳೆಸಬಹುದಾ’ ಅನ್ನುವ ಪ್ರಶ್ನೆಯಲ್ಲಿ ಇರುವ ತಡೆಗೋಡೆಯ ವಿಷಯವನ್ನು ನಾನು ಬಿಡುವುದಿಲ್ಲ.

ತಡೆಗೋಡೆ ಎಲ್ಲ ಕಡೆಯೂ ಕೆಟ್ಟದ್ದು ಅನ್ನುವವನಲ್ಲ ನಾನು. ಸೇತುವೆಯ ಪಕ್ಕದಲ್ಲಿ, ಮನೆಯ ಗೋಡೆಗೇ ನೀರು ಬಡಿಯುವ ಕಡೆ, ರಸ್ತೆ ಜರಿಯುವ ಕಡೆ ಬೇಕು. ತೋಟದ ಉದ್ದಕ್ಕೂ ಸುಮ್ಮನೆ, ಅನುದಾನ ಬಂದಿದೆ ಅಂತ ಕಟ್ಟುವುದು ಬೇರೆ. ಹಿಟಾಚಿ ಇಳಿಸಿ ದಂಡೆಯ ಪೊದೆ, ಬೇರು, ಗೋಡು ಎಲ್ಲ ಎತ್ತಿ ಹಾಕಿ ಕಾಂಕ್ರೀಟ್ ನಿಲ್ಲಿಸಿದರೆ ನೀರಿನ ರಭಸ ಎಲ್ಲಿಗೆ ಹೋಗುತ್ತದೆ? ಪೊದೆ ಇದ್ದಾಗ ಪೊದೆ ಬಾಗಿ, ಸಾವಿರ ಕಡ್ಡಿ ಅಲ್ಲಾಡಿ, ಆ ರಭಸವನ್ನು ನುಂಗಿಕೊಳ್ಳುತ್ತಿತ್ತು. ಗೋಡೆ ನುಂಗುವುದಿಲ್ಲ, ವಾಪಸ್ ತಳ್ಳುತ್ತದೆ. ಎದುರು ದಂಡೆಯವರ ತೋಟ ಕೊರೆಯುತ್ತದೆ. ಇಲ್ಲಾಂದ್ರೆ ಗೋಡೆಯ ಬುಡವನ್ನೇ ಕೆರೆಯುತ್ತದೆ. ಗೋಡೆ ಮುಗಿಯುವ ತುದಿಯಲ್ಲಂತೂ ಗುಂಡಿ ಬೀಳುವುದು ಬಹಳ ಕಡೆ ನೋಡಿದ್ದೇನೆ. ಆಗ ಎದುರು ದಂಡೆಯವರೂ ಗೋಡೆ ಕೇಳುತ್ತಾರೆ. ಹಳ್ಳ ಹೋಗಿ ಚರಂಡಿ ಆಗುವುದು ಹೀಗೆ. ಅಲ್ಲಿ ಗೋಡು ಕೂರುವ ತಿರುವೇ ಇರುವುದಿಲ್ಲ, ಬೀಜ ಬಂದರೂ ಕಾಲೂರಲು ಜಾಗ ಇಲ್ಲ.

ನೀರಂಜಿಯ ಬೇರು ನೋಡಬೇಕೆಂದರೆ ದಂಡೆ ಸ್ವಲ್ಪ ಕೊರೆದ ಕಡೆ ಬಗ್ಗಿ ನೋಡಿ. ನಸುಗೆಂಪು ಬೇರಿನ ಜಡೆಗಳು ಒಂದಕ್ಕೊಂದು ಹೆಣೆದುಕೊಂಡು ನೀರಿನೊಳಗೆ ಇಳಿಬಿದ್ದಿರುತ್ತವೆ. ಕೈ ಹಾಕಿದರೆ ಒಳಗಿಂದ ಸಣ್ಣ ಸಿಗಡಿ, ಮೀನಿನ ಮರಿ, ಏಡಿಮರಿ ಪುಳಕ್ ಅಂತ ಓಡುತ್ತವೆ. ಕಾಂಕ್ರೀಟಿಗೆ ಮೀನು ಮೊಟ್ಟೆ ಅಂಟಿಸುವುದಿಲ್ಲ. ಎಲೆಯ ಮೇಲೂ ಬಾಡಿಗೆದಾರರಿದ್ದಾರೆ: ಕಾಮನ್ ಲೆಪರ್ಡ್ ಅನ್ನುವ ಚಿಟ್ಟೆ, ಕಿತ್ತಳೆ ಮೈಗೆ ಕಪ್ಪು ಚುಕ್ಕಿ, ಅದರ ಹುಳು ನೀರಂಜಿಯ ಚಿಗುರು ತಿನ್ನುತ್ತದೆ. ಅದೇ ಹುಳು ನಿಮ್ಮ ಬೆಟ್ಟದ ಹಣ್ಣುಸಂಪಿಗೆಯ ಚಿಗುರನ್ನೂ ತಿನ್ನುತ್ತದೆ. ಎಲ್ಲಿಯ ಹಣ್ಣುಸಂಪಿಗೆ, ಎಲ್ಲಿಯ ನೀರಂಜಿ ಅನ್ನಿಸಬಹುದು. ಸಸ್ಯಶಾಸ್ತ್ರದವರು ಇತ್ತೀಚೆಗೆ ಇವೆರಡನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದಾರೆ, ಡಿಎನ್ಎ ನೋಡಿದ ಮೇಲೆ. ಚಿಟ್ಟೆಗೆ ಅದು ಮೊದಲೇ ಗೊತ್ತಿತ್ತು!

ಹೊಳೆ ದೊಡ್ಡದಾದ ಕಡೆ ಬೇರೆ ತೊಂದರೆಗಳಿವೆ. ಮರಳು ತೆಗೆಯುವುದು ಒಂದು. ಮರಳಿನ ಜೊತೆಗೆ ಗೋಡಿನ ದಿಬ್ಬವೂ ಹೋಗುತ್ತದೆ, ಹೊಳೆಯ ತಳ ಇಳಿಯುತ್ತದೆ, ದಂಡೆಯ ಗಿಡಗಳ ಬೇರು ಗಾಳಿಯಲ್ಲಿ ನೇತಾಡುತ್ತದೆ. ಅಣೆಕಟ್ಟು ಇನ್ನೊಂದು. ಲಿಂಗನಮಕ್ಕಿ 1964ರಲ್ಲಿ ಮುಗಿಯಿತು. ಮೇಲೆ ಎಷ್ಟು ಹಳ್ಳಗಳ ದಂಡೆ ಮುಳುಗಿತು ಅನ್ನುವುದು ಎಲ್ಲರಿಗೂ ಕಾಣುತ್ತದೆ. ಕೆಳಗಿನದ್ದು ಕಾಣುವುದಿಲ್ಲ. ವಿದ್ಯುತ್ತಿಗಾಗಿ ನೀರು ಬಿಡುವ ಹೊಳೆಯಲ್ಲಿ ಏರಿಳಿತ ಮಳೆಯ ಲೆಕ್ಕದಲ್ಲಿ ಇರುವುದಿಲ್ಲ, ಕರೆಂಟಿನ ಲೆಕ್ಕದಲ್ಲಿ ಇರುತ್ತದೆ. ಒದ್ದೆ ಗೋಡಿಗಾಗಿ ಕಾಯುವ ಬೀಜಕ್ಕೆ ಅದು ಅರ್ಥ ಆಗುವ ಭಾಷೆ ಅಲ್ಲ. ನಿಮ್ಮ ಕಡೆಯ ಅಘನಾಶಿನಿಗೆ ಇನ್ನೂ ದೊಡ್ಡ ಅಣೆಕಟ್ಟು ಬಿದ್ದಿಲ್ಲ. ನೀರಂಜಿ, ನೀರುಕಣಗಿಲು ಹೇಗಿರಬೇಕೋ ಹಾಗೆ ಇರುವುದನ್ನು ನೋಡಬೇಕೆಂದರೆ ಆ ಹೊಳೆಯ ದಂಡೆ ಹಿಡಿದು ನಡೆಯಿರಿ.

ಕಾನೂನಿನಲ್ಲಿ ದಾರಿ ಇದೆಯಾ? ನೀರಂಜಿಯ ಹೆಸರು ಹೇಳಿ ನಿಲ್ಲಿಸುವಂಥ ಕಾನೂನು ಹುಡುಕಬೇಡಿ. ಜಾಗದ ಹೆಸರು ಹೇಳಿ. ಹಳ್ಳ ಸಾಮಾನ್ಯವಾಗಿ ಖರಾಬು, ಅಂದರೆ ಸರ್ಕಾರದ್ದು, ನಿಮ್ಮದೂ ಅಲ್ಲ, ಗುತ್ತಿಗೆದಾರರದ್ದೂ ಅಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದರ ಬಳಿ ಊರಿನ ಗಿಡ ಮರ ಪ್ರಾಣಿಗಳ ದಾಖಲೆ ಪುಸ್ತಕ ಇರಬೇಕು. ಬಹಳ ಕಡೆ ಆ ಪುಸ್ತಕ ಬೀರುವಿನಲ್ಲಿ ನಿದ್ದೆ ಮಾಡುತ್ತಿರುತ್ತದೆ. ತೆಗೆಸಿ. ನಿಮ್ಮ ಹಳ್ಳ, ಅದರ ದಂಡೆಯ ಗಿಡಗಳು ಅದರಲ್ಲಿವೆಯಾ ನೋಡಿ, ಇಲ್ಲದಿದ್ದರೆ ಸೇರಿಸಿ. ಆಮೇಲೆ ಗ್ರಾಮಸಭೆಯಲ್ಲಿ ಎದ್ದು ನಿಂತು ‘ಗೋಡೆ ಬೇಡ’ ಅನ್ನಬೇಡಿ, ಜಗಳ ಆಗುತ್ತದೆ. ‘ಎಲ್ಲಿ ಜರಿಯುತ್ತದೋ ಅಲ್ಲಿಗೆ ಮಾತ್ರ ಗೋಡೆ, ಉಳಿದ ಕಡೆ ಪೊದೆ ಹಾಗೇ ಇರಲಿ, ಖಾಲಿ ಇದ್ದ ಕಡೆ ನಾವೇ ನೆಟ್ಟುಕೊಡುತ್ತೇವೆ’ ಅನ್ನಿ. ಖರ್ಚು ಕಡಿಮೆ ಆಗುತ್ತದೆ ಅನ್ನುವುದನ್ನೂ ಹೇಳಿ. ಹೊಳೆಯ ಒಂದು ಭಾಗವನ್ನೇ ಕಾಪಾಡುವುದು ಹೊಸದೇನೂ ಅಲ್ಲ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಅಲ್ಲಿ ಉಳಿಯುವುದು ಬರೀ ನೀರುನಾಯಿ ಅಲ್ಲ, ಅದು ಅಡಗುವ ಪೊದೆಯೂ ಉಳಿಯುತ್ತದೆ.

ಅಮ್ಮನ ಮಾತು ಬಿಟ್ಟೆನಾ? ಅಮ್ಮ ಹೇಳಿದ್ದರಲ್ಲಿ ಹುರುಳಿದೆ. ಇಂಗ್ಲೆಂಡಿನಲ್ಲಿ 1763ರಲ್ಲೇ ಎಡ್ವರ್ಡ್ ಸ್ಟೋನ್ ಅನ್ನುವ ಪಾದ್ರಿ ವಿಲ್ಲೋ ತೊಗಟೆ ಪುಡಿ ಜ್ವರಕ್ಕೆ ಆಗುತ್ತದೆ ಅಂತ ಬರೆದಿದ್ದ. 1828ರಲ್ಲಿ ಅದರಿಂದ ಸ್ಯಾಲಿಸಿನ್ ಅನ್ನುವ ಮದ್ದಿನ ಅಂಶ ಬೇರೆ ಮಾಡಿದರು, 1897ರ ಹೊತ್ತಿಗೆ ಆಸ್ಪಿರಿನ್ ಬಂತು. ನೀರಂಜಿ ತೊಗಟೆಯನ್ನೂ ಹಳ್ಳಿಮದ್ದಿನಲ್ಲಿ ಜ್ವರಕ್ಕೆ ಬಳಸುತ್ತಾರೆ. ಆದರೆ ಎಷ್ಟು ಕುಡಿದರೆ ಎಷ್ಟು ಮದ್ದು ಹೊಟ್ಟೆಗೆ ಹೋಗುತ್ತದೆ ಅಂತ ಯಾರೂ ಅಳೆಯಲಾರರು. ಮಕ್ಕಳಿಗೆ, ಹೊಟ್ಟೆಹುಣ್ಣು ಇದ್ದವರಿಗೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿಗೆ ಕೊಡಲೇಬೇಡಿ. ಡೆಂಗಿ ಇರಬಹುದಾದ ಜ್ವರಕ್ಕಂತೂ ಬೇಡವೇ ಬೇಡ, ಆಸ್ಪಿರಿನ್ ಥರದ್ದು ಡೆಂಗಿಯಲ್ಲಿ ಅಪಾಯ. ಮತ್ತೆ, ಸುತ್ತಲೂ ತೊಗಟೆ ಕೆತ್ತಿದರೆ ಗಿಡ ಒಣಗುತ್ತದೆ.

ಈಗ ಮಾಡಬೇಕಾದದ್ದು ಒಂದು. ಹಳ್ಳದ ನೀರು ಇಳಿಯಲು ಶುರುವಾದಾಗಿನಿಂದ ಹದಿನೈದು ದಿನಕ್ಕೊಮ್ಮೆ ಅಪ್ಪನನ್ನೂ ಕರೆದುಕೊಂಡು ದಂಡೆಯಲ್ಲಿ ಒಂದು ಸುತ್ತು ಹೋಗಿ. ತೆನೆ ಕಂಡ ಗಿಡಕ್ಕೆಲ್ಲ ಬಟ್ಟೆ ಕಟ್ಟಿ. ಅರಳೆ ಹಾರಿ ಒಂದು ವಾರವಾದ ಮೇಲೆ ತಿರುವಿನ ಗೋಡಿನ ಹತ್ತಿರ ಮೊಣಕಾಲೂರಿ ಕೂತು ನೋಡಿ. ಎರಡು ಪುಟ್ಟ ಎಲೆ ಬಿಚ್ಚಿಕೊಂಡು, ಪಾಚಿಯ ಹಾಗೆ ಹಸಿರಾಗಿ, ಒತ್ತೊತ್ತಾಗಿ ಎದ್ದಿರುತ್ತವೆ, ನಿಂತು ನೋಡಿದರೆ ಕಾಣುವುದಿಲ್ಲ. ಕಂಡರೆ ನಿಮ್ಮ ಹಳ್ಳದ ನೀರಂಜಿಗೆ ಸದ್ಯ ಆತಂಕ ಇಲ್ಲ, ಆ ಜಾಗಕ್ಕೆ ದನ ಬಾರದ ಹಾಗೆ ನಾಲ್ಕು ಮುಳ್ಳು ಕಡಿದು ಹಾಕಿ. ಕಾಣದಿದ್ದರೆ, ಕಟ್ಟಿದ ಬಟ್ಟೆಗಳಲ್ಲಿ ಯಾವ ಬಣ್ಣ ಕಡಿಮೆ ಇದೆ ಅಂತ ನೋಡಿ ನನಗೆ ಬರೆಯಿರಿ, ಮೇಲಿನ ಹಳ್ಳಗಳಲ್ಲಿ ಆ ಗಿಡ ಹುಡುಕೋಣ. ಬರೆಯುವಾಗ ಮೊಗ್ಗಿನ ಫೋಟೊನೂ ಒಂದು ಕಳಿಸಿ.